ಮನೆಯ ಮಡಕೆ ಮತ್ತು ಮಿತಿ: ಗೃಹಮದ್ಯದ ಚರಿತ್ರೆಯಲ್ಲಿ ಒಂದು ವಿಚಾರ

ಹನ್ನೆರಡನೆಯ ಶತಮಾನದ ಶರಣರ ನಾಮಾವಳಿಯನ್ನು ಓದುವಾಗ ಭಕ್ತನು ಕ್ಷಣಕಾಲ ನಿಂತು ಯೋಚಿಸುವ ಹೆಸರೊಂದಿದೆ. ಅದು ಹೆಂಡದ ಮಾರಯ್ಯನವರದು. ಮಡಿವಾಳ ಮಾಚಯ್ಯನವರು, ಅಂಬಿಗರ ಚೌಡಯ್ಯನವರು, ನುಲಿಯ ಚಂದಯ್ಯನವರು ಕೈಗೊಂಡ ಕಾಯಕಗಳು ಲೋಕೋಪಕಾರಿಯಾದವೆಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಆದರೆ ಹೆಂಡ ಮಾರುವುದನ್ನು ಕಾಯಕವೆಂದು ಕರೆಯುವುದೆಂತು? ಮದ್ಯಮಾಂಸಗಳನ್ನು ವರ್ಜಿಸಬೇಕೆಂದು ವಿಧಿಸುವ ಸಂಪ್ರದಾಯವೇ ಹೆಂಡ ಮಾರುವವರೊಬ್ಬರನ್ನು ಶರಣರೆಂದು ಕೈಮುಗಿದು ಬರಮಾಡಿಕೊಂಡುದು ಏಕೆ? ‘ಧರ್ಮೇಶ್ವರಲಿಂಗ’ ಎಂಬ ಅಂಕಿತದಲ್ಲಿ ಅವರ ಕೆಲವೇ ವಚನಗಳು ನಮಗೆ ಉಳಿದಿವೆ. ಅವುಗಳಲ್ಲಿ ಅವರು ತಮ್ಮ ಕಾಯಕದ ಪರಿಭಾಷೆಯನ್ನು ಮರೆಮಾಡದೆ, ಅದನ್ನೇ ಅನುಭಾವದ ರೂಪಕವಾಗಿಸಿಕೊಂಡಿದ್ದಾರೆ. ಆದುದರಿಂದ ಈ ಪ್ರಶ್ನೆಯನ್ನು ಜಾರಿಸಿ ಮುಂದೆ ಹೋಗುವಂತಿಲ್ಲ.

ಇದಕ್ಕೆ ಉತ್ತರ ಹುಡುಕುವ ದಾರಿಗಳಲ್ಲಿ ಒಂದು, ಮದ್ಯ ತಯಾರಿಕೆಯೆಂಬ ದುಡಿಮೆಯ ಚರಿತ್ರೆಯನ್ನು ನೋಡುವುದು. ಇಂದು ಇಂಗ್ಲೆಂಡ್, ಅಮೆರಿಕ ಮೊದಲಾದ ದೇಶಗಳಲ್ಲಿ ಮನೆಯಲ್ಲಿಯೇ ಬಿಯರ್ ತಯಾರಿಸುವುದು ಲಕ್ಷಾಂತರ ಜನರ ಹವ್ಯಾಸವಾಗಿದೆ. ಈ ಒಂದೇ ಕೆಲಸವು ಒಂದು ಕಾಲಕ್ಕೆ ಗೃಹಕೃತ್ಯವಾಗಿತ್ತು. ಅನಂತರ ವ್ಯಾಪಾರವಾಯಿತು, ಅಪರಾಧವಾಯಿತು, ಕೊನೆಗೆ ಬಿಡುವಿನ ವೇಳೆಯ ವಿನೋದವಾಯಿತು. ಕೈಯ ಕೆಲಸ ಅದೇ, ಮಡಕೆ ಅದೇ. ಬದಲಾದುದು ಅದಕ್ಕೆ ವಿಧಿಸಿದ ಮಿತಿ, ಮತ್ತು ಆ ಮಿತಿಯನ್ನು ವಿಧಿಸಿದವರು. ಪಾನವನ್ನು ಸಮರ್ಥಿಸುವುದು ಪ್ರಸ್ತುತ ಲೇಖನದ ಉದ್ದೇಶವಲ್ಲ. ಕೆಲಸದ ಮಿತಿ ಎಲ್ಲಿಂದ ಬರಬೇಕು ಎಂಬುದನ್ನು ವಿಚಾರಿಸುವುದಷ್ಟೇ ಇಲ್ಲಿಯ ಆಶಯ.

ಮೊದಲು ವಸ್ತುವಿನ ಸ್ವರೂಪವನ್ನು ಅರಿಯಬೇಕು. ನಮ್ಮ ನಾಡಿನ ಹೆಂಡವು ಈಚಲು ಮೊದಲಾದ ಮರಗಳ ರಸ. ಇಳಿಸಿದ ಕೆಲವೇ ಗಂಟೆಗಳಲ್ಲಿ ಅದು ತಾನಾಗಿಯೇ ಹುಳಿತು ಮತ್ತೇರಿಸುವ ಗುಣವನ್ನು ಪಡೆಯುತ್ತದೆ. ಬಿಯರ್ ಹಾಗಲ್ಲ, ಅದು ಧಾನ್ಯದಿಂದ ಆಗುವಂಥದು. ಧಾನ್ಯದೊಳಗಿನ ಪಿಷ್ಟವು ನೇರವಾಗಿ ಹುದುಗುವುದಿಲ್ಲ. ಜವೆಗೋಧಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದಾಗ ಪಿಷ್ಟವನ್ನು ಸಕ್ಕರೆಯಾಗಿ ಮಾರ್ಪಡಿಸುವ ಶಕ್ತಿ ಕಾಳಿನಲ್ಲಿಯೇ ಹುಟ್ಟುತ್ತದೆ. ಕೂಸಿಗೆ ಉಣಿಸಲೆಂದು ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಬೀಸಿಕೊಳ್ಳುವ ನಮ್ಮ ತಾಯಂದಿರಿಗೆ ಈ ಕ್ರಿಯೆಯ ಪೂರ್ವಾರ್ಧ ಚೆನ್ನಾಗಿ ಗೊತ್ತು. ಹೀಗೆ ಮೊಳಕೆ ಬರಿಸಿದ ಕಾಳನ್ನು ನುಚ್ಚು ಮಾಡಿ, ಸುಮಾರು ೬೫ ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಯಿಟ್ಟರೆ ಸಿಹಿ ಗಂಜಿನೀರು ದೊರೆಯುತ್ತದೆ. ಅದನ್ನು ಬಸಿದು, ಹಾಪ್ ಎಂಬ ಬಳ್ಳಿಯ ಕಹಿ ಹೂಗಳೊಡನೆ ಕುದಿಸಿ, ಆರಿಸಿ, ಯೀಸ್ಟನ್ನು ಬೆರೆಸಿದರೆ ವಾರ ಎರಡು ವಾರಗಳಲ್ಲಿ ಸಕ್ಕರೆಯು ಮದ್ಯಸಾರವಾಗಿಯೂ ಅನಿಲವಾಗಿಯೂ ಒಡೆಯುತ್ತದೆ. ಇದರಲ್ಲಿ ಗುಟ್ಟೇನೂ ಇಲ್ಲ. ತಾಳ್ಮೆ ಬೇಕು, ಅಳತೆ ಬೇಕು, ಎಲ್ಲಕ್ಕಿಂತ ಮಿಗಿಲಾಗಿ ಪಾತ್ರೆಗಳ ಶುಚಿ ಬೇಕು.

ಈ ವಿದ್ಯೆಯ ಪ್ರಾಚೀನ ಲಿಖಿತ ಸಾಕ್ಷ್ಯಗಳು ಸುಮೇರಿಯನ್ನರ ನಾಡಿನಿಂದ ಬಂದಿವೆ. ಅಲ್ಲಿ ಬಿಯರಿಗೆ ನಿನ್ಕಾಸಿ ಎಂಬ ಅಧಿದೇವತೆಯಿದ್ದಳು. ಸುಮಾರು ಕ್ರಿ.ಪೂ. ೧೮೦೦ರ ಜೇಡಿಮಣ್ಣಿನ ಫಲಕಗಳಲ್ಲಿ ದೊರೆತ ಆಕೆಯ ಸ್ತೋತ್ರವು ತಯಾರಿಕೆಯ ಹಂತಗಳನ್ನೇ ವರ್ಣಿಸುತ್ತದೆ. ದೇವತೆ ಸ್ತ್ರೀ, ಪಾನಗೃಹವನ್ನು ನಡೆಸುತ್ತಿದ್ದವರೂ ಬಹುಮಟ್ಟಿಗೆ ಸ್ತ್ರೀಯರು. ಅನಂತರ ಕ್ರಿ.ಪೂ. ಹದಿನೆಂಟನೆಯ ಶತಮಾನದಲ್ಲಿ ಬಾಬಿಲೋನಿನ ದೊರೆ ಹಮ್ಮುರಾಬಿಯು ಕೆತ್ತಿಸಿದ ಶಾಸನಸಂಹಿತೆಯಲ್ಲಿ ಇಂಥ ಸ್ತ್ರೀಯರನ್ನು ಕುರಿತ ಕಟ್ಟಳೆಗಳಿವೆ. ಧಾನ್ಯದ ಬೆಲೆಗೆ ತಕ್ಕಷ್ಟು ಬಿಯರ್ ಕೊಡದೆ ಅಳತೆಯಲ್ಲಿ ಮೋಸ ಮಾಡಿದವಳನ್ನು ನೀರಿಗೆಸೆಯಬೇಕೆಂಬುದು ಅವುಗಳಲ್ಲೊಂದು. ಪಾನವನ್ನು ಕುರಿತ ಅತಿ ಪ್ರಾಚೀನ ಕಾನೂನುಗಳಲ್ಲೊಂದು ಪಾನದ ಪಾಪವನ್ನು ಹೇಳದೆ, ಅಳತೆಯ ಪ್ರಾಮಾಣಿಕತೆಯನ್ನು ಹೇಳುತ್ತದೆ ಎಂಬುದು ಗಮನಾರ್ಹ.

ನಮ್ಮ ದೇಶದಲ್ಲಿ ಈ ವಿಷಯವನ್ನು ಶಾಸ್ತ್ರೀಯವಾಗಿ ನಿರೂಪಿಸಿದ ಗ್ರಂಥವು ಕೌಟಿಲ್ಯನ ಅರ್ಥಶಾಸ್ತ್ರ. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಈ ಗ್ರಂಥದ ಓಲೆಗರಿಯ ಪ್ರತಿಯನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಗುರುತಿಸಿ, ೧೯೦೯ರಲ್ಲಿ ಪ್ರಕಟಿಸಿದವರು ಪಂಡಿತ ಆರ್. ಶಾಮಶಾಸ್ತ್ರಿಗಳೆಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಅದರ ಎರಡನೆಯ ಅಧಿಕರಣದಲ್ಲಿ ಸುರಾಧ್ಯಕ್ಷನ ಕರ್ತವ್ಯಗಳನ್ನು ವಿವರಿಸುವ ಅಧ್ಯಾಯವಿದೆ. ಸುರೆಯ ತಯಾರಿಕೆ ಮತ್ತು ಮಾರಾಟಗಳು ಅಲ್ಲಿ ರಾಜ್ಯದ ಹತೋಟಿಗೆ ಒಳಪಟ್ಟಿವೆ. ಮೇದಕವೆಂಬ ಪಾನೀಯಕ್ಕೆ ಒಂದು ದ್ರೋಣ ನೀರು, ಅರ್ಧ ಆಢಕ ಅಕ್ಕಿ, ಮೂರು ಪ್ರಸ್ಥ ಕಿಣ್ವ ಎಂದು ಅಳತೆಯನ್ನೂ ಕೊಡಲಾಗಿದೆ. ಇಷ್ಟೊಂದು ಬಿಗಿಯಾದ ವ್ಯವಸ್ಥೆಯ ನಡುವೆಯೂ ಒಂದು ಸಡಿಲಿಕೆಯುಂಟು. ವಿಶೇಷ ಸಂದರ್ಭಗಳಲ್ಲಿ ಗೃಹಸ್ಥರು ಶ್ವೇತಸುರೆಯನ್ನೂ, ಔಷಧಕ್ಕಾಗಿ ಅರಿಷ್ಟವನ್ನೂ ತಾವೇ ಮಾಡಿಕೊಳ್ಳಬಹುದು. ಉತ್ಸವ, ಸಮಾಜ, ಯಾತ್ರೆಗಳ ಕಾಲದಲ್ಲಿ ನಾಲ್ಕು ದಿನಗಳ ಅನುಮತಿ ಕೊಡಬೇಕು ಎನ್ನುತ್ತದೆ ಅರ್ಥಶಾಸ್ತ್ರ. ಇಲ್ಲಿ ಮಿತಿಯನ್ನು ಹಾಕುವವನು ಅರಸು. ಮನೆಯ ಮಡಕೆಗೆ ಆತನು ಕೊಟ್ಟದ್ದು ದಿನಗಳ ಲೆಕ್ಕ.

ಯೂರೋಪಿನಲ್ಲಿ ಈ ಮಿತಿಯನ್ನು ಕಟ್ಟಲೆತ್ನಿಸಿದವರಲ್ಲಿ ಕ್ರೈಸ್ತ ಮಠಗಳು ಮುಖ್ಯವಾದವು. ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟನು ತನ್ನ ಮಠವಾಸಿಗಳಿಗಾಗಿ ರಚಿಸಿದ ನಿಯಮಾವಳಿಯ ನಲವತ್ತನೆಯ ಅಧ್ಯಾಯವು ಪಾನದ ಪ್ರಮಾಣವನ್ನು ಕುರಿತದ್ದು. ದಿನಕ್ಕೆ ಒಂದು ಹೆಮಿನಾ, ಎಂದರೆ ಸುಮಾರು ಕಾಲು ಲೀಟರಿನಷ್ಟು ದ್ರಾಕ್ಷಾರಸ ಸಾಕೆಂದೂ, ಪೂರ್ಣವಾಗಿ ತ್ಯಜಿಸಬಲ್ಲವರಿಗೆ ವಿಶೇಷ ಫಲವುಂಟೆಂದೂ ಆತನ ಮತ. ದ್ರಾಕ್ಷಿ ಬೆಳೆಯದ ಉತ್ತರದ ನಾಡುಗಳಲ್ಲಿ ಆ ಸ್ಥಾನವನ್ನು ಬಿಯರ್ ಪಡೆಯಿತು. ಒಂಬತ್ತನೆಯ ಶತಮಾನದ ಆದಿಭಾಗದಲ್ಲಿ ರಚಿತವಾಗಿ, ಸ್ವಿಟ್ಜರ್ಲೆಂಡಿನ ಸಂತ ಗಾಲನ ಮಠದಲ್ಲಿ ಉಳಿದುಬಂದಿರುವ ಒಂದು ಮಠದ ನಕ್ಷೆಯಲ್ಲಿ ಮೂರು ಬಿಯರ್ ಮನೆಗಳನ್ನು ತೋರಿಸಲಾಗಿದೆ. ಒಂದು ಮಠವಾಸಿಗಳಿಗೆ, ಒಂದು ಗೌರವಾನ್ವಿತ ಅತಿಥಿಗಳಿಗೆ, ಇನ್ನೊಂದು ಯಾತ್ರಿಕರಿಗೆ ಮತ್ತು ಬಡವರಿಗೆ. ನಮ್ಮ ಮಠಗಳ ದಾಸೋಹಗೃಹವನ್ನು ಬಲ್ಲ ಓದುಗರಿಗೆ ಬಡವರಿಗೂ ಪಾತ್ರೆಯಿಟ್ಟ ಈ ಏರ್ಪಾಡು ಅಪರಿಚಿತವೆನಿಸದು. ಆದರೆ ಅಂತಸ್ತಿಗೊಂದರಂತೆ ಪಾತ್ರೆಯಿಟ್ಟುದು ಶರಣರು ಒಪ್ಪತಕ್ಕ ಮಾತಲ್ಲ.

ಬಸವಣ್ಣನವರ ಸಮಕಾಲೀನಳಾದ ಜರ್ಮನಿಯ ಮಠಾಧಿಪತಿ, ಬಿಂಗೆನ್ನಿನ ಹಿಲ್ಡೆಗಾರ್ಡ್ (೧೦೯೮–೧೧೭೯) ತನ್ನ ಪ್ರಕೃತಿಶಾಸ್ತ್ರ ಗ್ರಂಥದಲ್ಲಿ ಹಾಪ್ ಹೂವಿನ ಗುಣವನ್ನು ವಿವರಿಸಿದ್ದಾಳೆ. ಅದು ಮನಸ್ಸಿಗೆ ವಿಷಾದವನ್ನು ತರುತ್ತದೆ, ಆದರೆ ಪಾನೀಯಗಳು ಕೆಡದಂತೆ ಕಾಪಾಡುತ್ತದೆ ಎಂದು ಆಕೆ ಹೇಳಿದಳು. ಕೆಡದಂತೆ ಕಾಪಾಡುವ ಈ ಗುಣವೇ ಮುಂದೆ ಗೃಹಮದ್ಯದ ಭವಿಷ್ಯವನ್ನು ಬದಲಾಯಿಸಿತು. ಅದನ್ನು ಮುಂದೆ ನೋಡೋಣ.

ಅದೇ ಕಾಲದ ಪಶ್ಚಿಮ ನಾರ್ವೆಯ ಗುಲಾತಿಂಗ್ ಕಾನೂನು ಇನ್ನೂ ವಿಲಕ್ಷಣವಾದುದು. ಅಲ್ಲಿ ಬಿಯರ್ ತಯಾರಿಸುವುದು ಅನುಮತಿಯ ವಿಷಯವಾಗಿರದೆ ಕರ್ತವ್ಯವಾಗಿತ್ತು. ನಿಯತ ಹಬ್ಬಗಳಿಗೆ ರೈತರು ಮೂರು ಮನೆಯವರಾದರೂ ಕೂಡಿ ಬಿಯರ್ ಸಿದ್ಧಪಡಿಸಬೇಕು. ತಪ್ಪಿದವರಿಗೆ ದಂಡ, ಮೂರು ವರ್ಷ ತಪ್ಪಿದವರಿಗೆ ಆಸ್ತಿನಷ್ಟ. ಆ ಪ್ರದೇಶದ ಹಳ್ಳಿಗಳಲ್ಲಿ ಯೀಸ್ಟನ್ನು ಮರದ ಬಳೆಗಳ ಮೇಲೆ ಒಣಗಿಸಿಟ್ಟು, ತಲೆಮಾರಿನಿಂದ ತಲೆಮಾರಿಗೆ ಕಾಪಾಡಿಕೊಂಡು ಬಂದರು. ಒಬ್ಬರ ಮನೆಯದು ಕೆಟ್ಟರೆ ನೆರೆಮನೆಯಿಂದ ತರುತ್ತಿದ್ದರು. ಮೊಸರಿಗೆ ಹೆಪ್ಪು ತಪ್ಪಿದಾಗ ಬಟ್ಟಲು ಹಿಡಿದು ನೆರೆಮನೆಗೆ ಹೋಗುವ ನಮ್ಮ ಗೃಹಿಣಿಗೂ ಆ ನಾರ್ವೆಯ ರೈತನಿಗೂ ಈ ವಿಷಯದಲ್ಲಿ ಅಂತರವಿಲ್ಲ. ಹೆಪ್ಪು ಮಾರಾಟದ ವಸ್ತುವಲ್ಲ, ಕೇಳಿದವರಿಗೆ ಕೊಡತಕ್ಕದ್ದು.

ಗೃಹಮದ್ಯದ ಚರಿತ್ರೆಯು ಅತ್ಯಂತ ಸ್ಪಷ್ಟವಾಗಿ ದಾಖಲಾಗಿರುವುದು ಇಂಗ್ಲೆಂಡಿನಲ್ಲಿ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಹಾಪ್ ಇಲ್ಲದೆ ಮಾಡಿದ ಏಲ್ ಎಂಬ ಪಾನೀಯವು ಕೆಲವೇ ದಿನಗಳಲ್ಲಿ ಹುಳಿಯುತ್ತಿತ್ತು. ಆದುದರಿಂದ ಅದನ್ನು ಮೇಲಿಂದ ಮೇಲೆ ಸ್ವಲ್ಪಸ್ವಲ್ಪವಾಗಿ ಮಾಡಬೇಕಾಗುತ್ತಿತ್ತು. ಅಡುಗೆ, ನೂಲುವಿಕೆಗಳಂತೆ ಇದೂ ಹೆಂಗಸರ ಮನೆಗೆಲಸ. ಮನೆಗೆ ಬೇಕಾದುದಕ್ಕಿಂತ ಹೆಚ್ಚಾದಾಗ ಬಾಗಿಲ ಮುಂದೆ ಒಂದು ಕೋಲನ್ನು ನಿಲ್ಲಿಸಿ ನೆರೆಯವರಿಗೆ ಮಾರುತ್ತಿದ್ದರು. ಹದಿಮೂರನೆಯ ಶತಮಾನದ ಕಟ್ಟಳೆಯೊಂದು ರೊಟ್ಟಿ ಮತ್ತು ಏಲ್‌ಗಳ ಬೆಲೆಯನ್ನು ಧಾನ್ಯದ ಬೆಲೆಗೆ ಗಂಟು ಹಾಕಿತು. ರುಚಿ ನೋಡಿ ಅಳತೆ ಪರೀಕ್ಷಿಸುವ ಅಧಿಕಾರಿಗಳು ಊರೂರಲ್ಲಿ ನೇಮಕವಾದರು. ದಂಡ ಪದೇಪದೇ ಬೀಳುತ್ತಿತ್ತು; ಕ್ರಮೇಣ ಅದು ಪರವಾನಗಿ ಶುಲ್ಕದಂತೆಯೇ ಆಗಿಹೋಯಿತು.

ಹದಿನೈದನೆಯ ಶತಮಾನದ ಹೊತ್ತಿಗೆ ಹಾಪ್ ಬೆರೆಸಿದ ಬಿಯರ್ ಸಮುದ್ರದಾಚೆಯಿಂದ ಇಂಗ್ಲೆಂಡಿನಲ್ಲಿ ನೆಲೆಯೂರಿತು. ಹಿಲ್ಡೆಗಾರ್ಡ್ ಹೇಳಿದಂತೆ ಅದು ಬೇಗ ಕೆಡುವುದಿಲ್ಲ. ಕೆಡದ ವಸ್ತುವನ್ನು ಹೆಚ್ಚು ಪ್ರಮಾಣದಲ್ಲಿ ಮಾಡಬಹುದು, ಕೂಡಿಡಬಹುದು, ದೂರದ ಪೇಟೆಗೂ ಸೈನ್ಯಕ್ಕೂ ಕಳುಹಿಸಬಹುದು. ಅದಕ್ಕೆ ದೊಡ್ಡ ತಾಮ್ರದ ಹಂಡೆ ಬೇಕು, ಬಂಡವಾಳ ಬೇಕು, ಸಾಲ ದೊರೆಯಬೇಕು, ವೃತ್ತಿಸಂಘದ ಸದಸ್ಯತ್ವ ಬೇಕು. ಇವಾವುವೂ ಹಳ್ಳಿಯ ಹೆಂಗಸಿಗೆ ಎಟುಕುವಂಥವಲ್ಲ. ೧೬೦೦ರ ಸುಮಾರಿಗೆ ಈ ಕೆಲಸ ಬಹುಪಾಲು ಗಂಡಸರ ಉದ್ಯಮವಾಗಿತ್ತೆಂದು ಇತಿಹಾಸಕಾರ್ತಿ ಜುಡಿತ್ ಬೆನೆಟ್ ತಮ್ಮ ೧೯೯೬ರ ಗ್ರಂಥದಲ್ಲಿ ವಿವರವಾಗಿ ತೋರಿಸಿದ್ದಾರೆ.

ಕೆಲಸ ಕೈತಪ್ಪಿದುದಷ್ಟೇ ಅಲ್ಲ, ಕೆಲಸದವಳ ಮೇಲೆ ಕಳಂಕವೂ ಅಂಟಿತು. ಲಡ್ಲೋ ಪಟ್ಟಣದ ಸಂತ ಲಾರೆನ್ಸ್ ಚರ್ಚಿನಲ್ಲಿ ಹದಿನೈದನೆಯ ಶತಮಾನದ ಮರದ ಕೆತ್ತನೆಯೊಂದಿದೆ. ಏಲ್ ಮಾರುವ ಹೆಂಗಸೊಬ್ಬಳನ್ನು ದೆವ್ವವು ಹೆಗಲ ಮೇಲೆ ಹೊತ್ತು ನರಕಕ್ಕೆ ಒಯ್ಯುತ್ತಿದೆ. ಅವಳ ಕೈಯಲ್ಲಿ ಅಳತೆಯ ಪಾತ್ರೆ ಹಾಗೆಯೇ ಇದೆ. ಅಳತೆಯಲ್ಲಿ ಮೋಸ ತಪ್ಪೇ ಸರಿ. ಆದರೆ ದೊಡ್ಡ ಹಂಡೆಯ ಒಡೆಯರು ನಗರಸಭೆಗಳಲ್ಲಿ ಪೀಠವನ್ನೇರುತ್ತಿದ್ದ ನಾಡಿನಲ್ಲಿ, ಸಣ್ಣ ಪಾತ್ರೆಯವಳಿಗೆ ಮಾತ್ರ ನರಕದ ಚಿತ್ರ ಮೀಸಲಾಯಿತು. ಸರಿಸುಮಾರು ಮುನ್ನೂರು ವರ್ಷಗಳಷ್ಟು ಮೊದಲು ಕಲ್ಯಾಣದಲ್ಲಿ ಹೆಂಡದ ಮಾರಯ್ಯನವರಿಗೆ ದೊರೆತ ಸ್ಥಾನವನ್ನು ಈ ಕೆತ್ತನೆಯ ಪಕ್ಕದಲ್ಲಿಟ್ಟು ನೋಡಿದರೆ, ಶರಣರು ಮಾಡಿದುದೇನೆಂಬುದು ಸ್ವಲ್ಪಮಟ್ಟಿಗೆ ತಿಳಿಯುತ್ತದೆ.

ಹಳ್ಳಿಯ ಮನೆಗಳಲ್ಲಿ ತಮ್ಮ ಬಳಕೆಗೆಂದು ಬಿಯರ್ ಮಾಡುವ ರೂಢಿ ಅನಂತರವೂ ಉಳಿದಿತ್ತು. ೧೬೯೭ರಲ್ಲಿ ಮೊಳಕೆಧಾನ್ಯದ ಮೇಲೆ ತೆರಿಗೆ ಬಂದಿತು. ಬಡವನ ಮನೆಯ ಮಡಕೆಗೂ ಅದು ತಟ್ಟಿತು. ವಿಲಿಯಂ ಕಾಬೆಟ್ ಎಂಬ ನಿರ್ಭೀತ ಪತ್ರಕರ್ತನು ೧೮೨೨ರಲ್ಲಿ ಪ್ರಕಟವಾದ ತನ್ನ ‘ಕಾಟೇಜ್ ಎಕಾನಮಿ’ ಗ್ರಂಥವನ್ನು ಮನೆಯಲ್ಲಿ ಬಿಯರ್ ತಯಾರಿಸುವ ಪಾಠದಿಂದಲೇ ಆರಂಭಿಸಿದನು. ತೆರಿಗೆಯ ಭಾರದಿಂದ ಕೂಲಿಕಾರನ ಮನೆಯ ಮಡಕೆ ಬರಿದಾಯಿತೆಂದೂ, ಅದರ ಜಾಗಕ್ಕೆ ಬಂದ ಚಹಾ ಸತ್ವಹೀನವೆಂದೂ ಆತನ ದೂರು. ಚಹಾದ ಮೇಲಿನ ಆತನ ಕೋಪವನ್ನು ನಾವು ಒಪ್ಪಬೇಕಾಗಿಲ್ಲ. ಮನೆಯಲ್ಲಿ ಮಾಡಿಕೊಳ್ಳಬಹುದಾದುದನ್ನು ಅಂಗಡಿಯಿಂದ ಕೊಳ್ಳಬೇಕಾದಾಗ ಬಡವನು ಮತ್ತಷ್ಟು ಬಡವನಾಗುತ್ತಾನೆ ಎಂಬ ಆತನ ಮಾತಿನ ಹುರುಳು ಮಾತ್ರ ಸಾರ್ವಕಾಲಿಕವಾದುದು. ೧೮೮೦ರಲ್ಲಿ ಪ್ರಧಾನಿ ಗ್ಲ್ಯಾಡ್‌ಸ್ಟನ್ ಆ ತೆರಿಗೆಯನ್ನು ರದ್ದುಪಡಿಸಿದನು. ಆದರೆ ಮನೆಯ ಬಳಕೆಗೆ ತಯಾರಿಸುವವರೂ ಪರವಾನಗಿ ಪಡೆಯಬೇಕಾಯಿತು. ಈ ಪರವಾನಗಿಯನ್ನು ಅರ್ಥಸಚಿವ ರೆಜಿನಾಲ್ಡ್ ಮಾಡ್ಲಿಂಗ್ ತೆಗೆದುಹಾಕಿದ್ದು ೧೯೬೩ರ ಮುಂಗಡಪತ್ರದಲ್ಲಿ. ಅದೇ ವರ್ಷ ಸಿ. ಜೆ. ಜೆ. ಬೆರಿ ಎಂಬ ಲೇಖಕರ ಗೃಹಬಿಯರ್ ಕೈಪಿಡಿ ಪ್ರಕಟವಾಯಿತು. ಗೃಹಕೃತ್ಯವಾಗಿ ಸತ್ತಿದ್ದ ಕೆಲಸ ಹವ್ಯಾಸವಾಗಿ ಮರುಹುಟ್ಟು ಪಡೆಯಿತು.

ಈ ನಡುವೆ ವಿಜ್ಞಾನವು ಹೆಪ್ಪಿನ ಗುಟ್ಟನ್ನು ಬಿಡಿಸಿತ್ತು. ೧೫೧೬ರ ಏಪ್ರಿಲ್ ೨೩ರಂದು ಬವೇರಿಯದಲ್ಲಿ ಹೊರಟ ಪ್ರಸಿದ್ಧ ಶುದ್ಧತಾ ಶಾಸನವು ಜವೆಗೋಧಿ, ಹಾಪ್, ನೀರು ಇವಿಷ್ಟನ್ನೇ ಬಳಸಬೇಕೆಂದು ವಿಧಿಸುತ್ತದೆ. ಯೀಸ್ಟಿನ ಹೆಸರೇ ಅದರಲ್ಲಿಲ್ಲ. ಅದು ಜೀವಿಯೆಂದು ಆಗ ಯಾರಿಗೂ ತಿಳಿದಿರಲಿಲ್ಲ. ಲೂಯಿ ಪಾಶ್ಚರನು ೧೮೭೬ರಲ್ಲಿ ಬಿಯರನ್ನು ಕುರಿತ ತನ್ನ ಗ್ರಂಥದಲ್ಲಿ ಹುದುಗುವಿಕೆಯೂ ಕೆಡುವಿಕೆಯೂ ಸೂಕ್ಷ್ಮಜೀವಿಗಳ ಕೆಲಸವೆಂದು ಪ್ರತಿಪಾದಿಸಿದನು. ೧೮೮೩ರಲ್ಲಿ ಕೋಪನ್‌ಹೇಗನ್ನಿನ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹಾನ್ಸೆನ್ ಒಂದೇ ಕಣದಿಂದ ಶುದ್ಧ ಯೀಸ್ಟನ್ನು ಬೆಳೆಸಿದನು. ಇದರಿಂದ ಕಾರ್ಖಾನೆಗೆ ಲಾಭವಾಯಿತು. ಕಾಲಾನಂತರ ಮನೆಯ ಹವ್ಯಾಸಿಗೂ ಆಯಿತು.

ಅಮೆರಿಕದ ಕಥೆ ಬೇರೊಂದು ಪಾಠವನ್ನು ಹೇಳುತ್ತದೆ. ಅಲ್ಲಿ ೧೯೨೦ರ ಜನವರಿಯಿಂದ ೧೯೩೩ರ ಡಿಸೆಂಬರಿನವರೆಗೆ ರಾಷ್ಟ್ರವ್ಯಾಪಿ ಪಾನನಿಷೇಧ ಜಾರಿಯಲ್ಲಿತ್ತು. ಅಡುಗೆಗೆಂದು ಮಾರುತ್ತಿದ್ದ ಮೊಳಕೆಧಾನ್ಯದ ಪಾಕದ ಡಬ್ಬಿಗಳು ಮನೆಮನೆಯ ನೆಲಮಾಳಿಗೆ ಸೇರಿ ಕಳ್ಳ ಬಿಯರ್ ಆದವು. ನಿಷೇಧ ಮುಗಿದಾಗ ಮನೆಯಲ್ಲಿ ದ್ರಾಕ್ಷಾರಸ ತಯಾರಿಸಲು ಅನುಮತಿ ದೊರೆಯಿತು, ಬಿಯರಿಗೆ ದೊರೆಯಲಿಲ್ಲ. ಈ ಲೋಪವನ್ನು ಸರಿಪಡಿಸಿದ ಕಾಯಿದೆಗೆ ಅಧ್ಯಕ್ಷ ಜಿಮ್ಮಿ ಕಾರ್ಟರ್ ೧೯೭೮ರ ಅಕ್ಟೋಬರ್ ೧೪ರಂದು ಸಹಿ ಹಾಕಿದರು. ೧೯೭೯ರ ಫೆಬ್ರವರಿ ೧ರಿಂದ ಅದು ಜಾರಿಗೆ ಬಂದಿತು. ಒಬ್ಬ ವಯಸ್ಕನಿರುವ ಮನೆಗೆ ವರ್ಷಕ್ಕೆ ೧೦೦ ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಗೆ ೨೦೦ ಗ್ಯಾಲನ್ ಮಿತಿ, ಮಾರುವಂತಿಲ್ಲ. ರಾಜ್ಯಗಳು ತಮ್ಮದೇ ನಿಷೇಧವನ್ನು ಇಟ್ಟುಕೊಳ್ಳಬಹುದಾಗಿತ್ತು. ಅಲಬಾಮ, ಮಿಸಿಸಿಪಿಗಳು ೨೦೧೩ರಲ್ಲಿ ಕೊನೆಯದಾಗಿ ಒಪ್ಪಿದವು. ೧೯೭೮ರಲ್ಲಿಯೇ ಕೊಲರಾಡೋದ ಬೋಲ್ಡರ್ ನಗರದಲ್ಲಿ ಚಾರ್ಲಿ ಪಪೇಜಿಯನ್ ಮತ್ತು ಅವರ ಸಂಗಡಿಗರು ಗೃಹಬಿಯರ್ ತಯಾರಕರ ಸಂಘವನ್ನು ಸ್ಥಾಪಿಸಿದರು. ಆಗ ಆ ದೇಶದಲ್ಲಿ ನೂರಕ್ಕಿಂತ ಕಡಿಮೆ ಬಿಯರ್ ಕಾರ್ಖಾನೆಗಳಿದ್ದವು. ೨೦೨೩ರ ವೇಳೆಗೆ ಅವು ಒಂಬತ್ತು ಸಾವಿರವನ್ನು ಮೀರಿದ್ದವು. ಹೊಸಬರಲ್ಲಿ ಅನೇಕರು ಹವ್ಯಾಸಿಗಳಾಗಿ ಆರಂಭಿಸಿದವರು. ಎಂದರೆ, ಮನೆಗೆ ಮರಳಿದ ಕೆಲಸವು ಮತ್ತೆ ಪೇಟೆಯ ಕಡೆಗೆ ಮುಖ ಮಾಡಿತು.

ಕರ್ನಾಟಕದ ಸ್ಥಿತಿ ಇವೆರಡಕ್ಕಿಂತ ಭಿನ್ನವಾದುದು. ೧೯೬೫ರ ಅಬಕಾರಿ ಕಾಯಿದೆಯಂತೆ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಇಲ್ಲಿ ಅಪರಾಧ. ಹವ್ಯಾಸವೆಂಬ ಕಾರಣ ನಿಲ್ಲುವುದಿಲ್ಲ. ಸಂವಿಧಾನದ ೪೭ನೆಯ ವಿಧಿಯು ಪಾನನಿರೋಧವನ್ನು ರಾಜ್ಯದ ಗುರಿಯಾಗಿ ಸೂಚಿಸುತ್ತದೆ. ೧೯೮೧ರ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಕಳ್ಳಭಟ್ಟಿಯನ್ನು ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಸತ್ತವರು ಬಹುಮಟ್ಟಿಗೆ ಬಡವರು. ಧಾನ್ಯ ಹುದುಗಿದ್ದರಿಂದ ಬಂದ ಮರಣ ಅದಲ್ಲ. ಲಾಭಕ್ಕಾಗಿ ವಿಷವನ್ನು ಬೆರೆಸಿದ್ದರಿಂದ ಬಂದುದು. ೨೦೦೭ರ ಜುಲೈ ೧ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು; ಕಾರ್ಖಾನೆಯ ಮದ್ಯದ ಮಾರಾಟ ಮುಂದುವರಿಯಿತು. ಇಲ್ಲಿಯೂ ಮಿತಿ ಹಾಕಿದುದು ರಾಜ್ಯವೇ. ಆ ಮಿತಿ ಬಿದ್ದುದು ಬಡವನು ಕುಡಿಯುವ ಅಗ್ಗದ ಮದ್ಯದ ಮೇಲೆ.

ಇಷ್ಟು ದೂರದ ಚರಿತ್ರೆಯನ್ನು ಕಂಡ ಬಳಿಕ ಆರಂಭದ ಪ್ರಶ್ನೆಗೆ ಬರಬಹುದು. ಹಮ್ಮುರಾಬಿಯ ನೀರು, ಕೌಟಿಲ್ಯನ ನಾಲ್ಕು ದಿನ, ಬೆನೆಡಿಕ್ಟನ ಹೆಮಿನಾ, ಇಂಗ್ಲೆಂಡಿನ ದಂಡ, ಅಮೆರಿಕದ ನೂರು ಗ್ಯಾಲನ್, ನಮ್ಮ ಅಬಕಾರಿ ಪರವಾನಗಿ ಇವೆಲ್ಲ ಹೊರಗಿನಿಂದ ಹಾಕಿದ ಮಿತಿಗಳು. ಅವು ಅವಶ್ಯವಾದವೇ, ಆದರೆ ಸಾಲವು. ಹೊರಗಿನ ಮಿತಿಯು ದುರ್ಬಲನ ಮೇಲೆ ಬಿಗಿಯಾಗಿ, ಬಲ್ಲಿದನ ಮೇಲೆ ಸಡಿಲವಾಗಿ ಬೀಳುತ್ತದೆಂಬುದಕ್ಕೆ ಇಂಗ್ಲೆಂಡಿನ ಚರಿತ್ರೆಯೇ ಸಾಕ್ಷಿ. ಶರಣರು ಮಿತಿಯನ್ನು ಹುಡುಕಿದುದು ಕಾಯಕದ ಒಳಗೆ. ಹೆಂಡದ ಮಾರಯ್ಯನವರ ಹೆಸರಿನೊಡನೆ ನಾವು ನೆನೆಯಬೇಕಾದ ಇನ್ನೊಬ್ಬ ಮಾರಯ್ಯನವರುಂಟು. ಅವರು ಆಯ್ದಕ್ಕಿ ಮಾರಯ್ಯನವರು. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಸತಿ ಲಕ್ಕಮ್ಮನವರು ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ತಿಳಿಹೇಳಿದುದು ನಾಡಿಗೆಲ್ಲ ತಿಳಿದ ಸಂಗತಿ. ಅಲ್ಲಿ ರುಚಿ ನೋಡುವ ಅಧಿಕಾರಿಯಿಲ್ಲ, ದಂಡವಿಲ್ಲ, ಪರವಾನಗಿಯಿಲ್ಲ. ಮನೆಯಲ್ಲಿಯೇ, ಹೆಂಗಸೊಬ್ಬಳ ವಿವೇಕದಲ್ಲಿ, ಅಳತೆಗೋಲು ಇತ್ತು.

ಹವ್ಯಾಸ ಮತ್ತು ಕಾಯಕಗಳ ಭೇದವೂ ಇಲ್ಲಿಯೇ ಇದೆ. ಹವ್ಯಾಸಿಯ ಶುಚಿ, ತಾಳ್ಮೆ, ಕೈಚಳಕಗಳನ್ನು ನಾವು ಮೆಚ್ಚಬಹುದು. ಮಾರದೆ ಹಂಚಿಕೊಳ್ಳುವ ಗುಣವನ್ನೂ ಮೆಚ್ಚಬಹುದು. ಆದರೆ ಹವ್ಯಾಸವು ತನ್ನ ಸಂತೋಷಕ್ಕೆ ಉತ್ತರ ಕೊಟ್ಟರೆ ಸಾಕು. ಕಾಯಕವು ಲಿಂಗಕ್ಕೂ ಜಂಗಮಕ್ಕೂ ಸಮಾಜಕ್ಕೂ ಉತ್ತರ ಕೊಡಬೇಕು. ತಾನು ಮಾಡಿದುದು ಯಾರ ಮನೆಯನ್ನು ಸೇರಿತು, ಅಲ್ಲಿ ಏನನ್ನು ಉಳಿಸಿತು, ಏನನ್ನು ಕೆಡಿಸಿತು ಎಂಬ ಪ್ರಶ್ನೆಯಿಂದ ಕಾಯಕಜೀವಿಗೆ ಬಿಡುಗಡೆಯಿಲ್ಲ. ಹೆಂಡದ ಮಾರಯ್ಯನವರಿಗೂ ಈ ಪ್ರಶ್ನೆಯಿಂದ ಬಿಡುಗಡೆಯಿರಲಿಲ್ಲ. ತಮ್ಮ ಕೈಯಲ್ಲಿದ್ದ ವಸ್ತುವನ್ನೇ ವಚನದಲ್ಲಿ ಅನುಭಾವದ ತೂಕಕ್ಕೆ ಇಟ್ಟುದರಿಂದ ಅವರು ಶರಣರಾದರು. ಹೆಂಡ ಮಾರಿದುದರಿಂದಲ್ಲ, ಹೆಂಡ ಮಾರಿದರೂ ಎಂಬ ರಿಯಾಯಿತಿಯಿಂದಲೂ ಅಲ್ಲ.

ಆದುದರಿಂದ ಭಕ್ತನ ಪಾಲಿಗೆ ಈ ಚರಿತ್ರೆಯಿಂದ ಎರಡು ಮಾತುಗಳು ಸಿದ್ಧವಾಗುತ್ತವೆ. ಮದ್ಯವರ್ಜನೆಯ ವ್ರತವು ಭಕ್ತನು ತನ್ನ ಮೇಲೆ ತಾನೇ ಹಾಕಿಕೊಂಡ ಮಿತಿ. ಅದು ಸಡಿಲವಾಗಬೇಕಾದ ಕಾರಣವಿಲ್ಲ. ಆದರೆ ಆ ವ್ರತವನ್ನು ಹಿಡಿದು, ಮಡಕೆಯ ಮುಂದೆ ಕುಳಿತು ದುಡಿದ ಕೈಗಳನ್ನು ನರಕದ ಚಿತ್ರದಲ್ಲಿ ಬರೆಯುವ ಅಧಿಕಾರ ನಮಗಿಲ್ಲ. ಲಡ್ಲೋದ ಶಿಲ್ಪಿ ಹಾಗೆ ಬರೆದನು. ಕಲ್ಯಾಣದ ಶರಣರು ಪೀಠವನ್ನು ಕೊಟ್ಟರು. ವಸ್ತುವನ್ನು ವರ್ಜಿಸುತ್ತಲೇ ವ್ಯಕ್ತಿಯನ್ನು ಒಳಗೊಳ್ಳುವ ಈ ವಿವೇಕವು ನಮ್ಮ ಪರಂಪರೆಯ ನಿಜವಾದ ಅಳತೆಗೋಲು.